ಗೆಳೆಯರು ಕೂಡಿ ಅಡುಗೆ ವಿಡಿಯೊ ಮಾಡುವುದು ಹೇಗೆ: ಕಲಬುರಗಿಯ ಒಂದು ಅಡುಗೆಮನೆಯಿಂದ ಸಮಗ್ರ ಮಾರ್ಗದರ್ಶಿ

"ಯವ್ವಾ, ಉಪ್ಪು ಎಷ್ಟ್ ಹಾಕ್ದಿ?"
"ಎಷ್ಟ್ ಬೇಕೋ ಅಷ್ಟ್."
"ಅಂದ್ರ ಎಷ್ಟು? ಒಂದ್ ಚಮಚಾನಾ, ಎರಡಾ?"
"ಕೈಗಿ ಗೊತ್ತದ. ನೀ ಸುಮ್ ಕೂಡು."

ನಮ್ಮ ಗೆಳೆಯನೂ ಅವನ ತಾಯಿಯೂ ಆಡಿದ ಈ ನಾಲ್ಕು ಮಾತು ನಮ್ಮ ಚಾನೆಲ್ಲಿನ ದಿಕ್ಕನ್ನೇ ಬದಲಿಸಿದವು. ಅದಕ್ಕೂ ಮೊದಲು ನಾವು ಐದು ಮಂದಿ ಕೂತು ಮೂರು ವಿಡಿಯೊಗಳಿಗೆ ಸಂಭಾಷಣೆ ಬರೆದು, ಬಾಯಿಪಾಠ ಮಾಡಿ, ಶೂಟ್ ಮಾಡಿದ್ದೆವು. ಯಾರಿಗೂ ನಗು ಬರಲಿಲ್ಲ. ಮೇಲಿನ ಮಾತು ಬರೆದದ್ದಲ್ಲ. ಫೋನಿನ ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದರಿಂದ ಸಿಕ್ಕಿದ್ದು. ಅದನ್ನು ಹಾಗೇ ಇಟ್ಟು ವಿಡಿಯೊ ಹಾಕಿದೆವು. ನೋಡಿದವರು ಅಡುಗೆಯ ಬಗ್ಗೆ ಕೇಳುವ ಮೊದಲು ಆ ತಾಯಿಯ ಬಗ್ಗೆ ಕೇಳಿದರು.

ಅಂದಿನಿಂದ ನಮ್ಮದು ಒಂದೇ ಪದ್ಧತಿ. ಅಡುಗೆಯ ತಯಾರಿ ಬಿಗಿ ಇರಬೇಕು, ಮಾತು ಸಡಿಲ ಇರಬೇಕು. ಕಾಳು, ಖಾರ, ನೀರು, ಬೆಂಕಿ, ಕ್ಯಾಮೆರಾ ಎಲ್ಲವೂ ಮೊದಲೇ ನಿಗದಿಯಾಗಿದ್ದರೆ ಗೆಳೆಯರ ತಲೆ ಖಾಲಿ ಇರುತ್ತದೆ. ಆಗ ಮಾತು ತಾನಾಗಿ ಬರುತ್ತದೆ. ಅಡುಗೆಯೇ ಅಂದಾಜಿನ ಮೇಲೆ ನಡೆದರೆ ಎಲ್ಲರ ಗಮನ ಗ್ಯಾಸಿನ ಕಡೆ ಹೋಗಿ ಮಾತು ಒಣಗುತ್ತದೆ. ಮುಂದೆ ಬರೆದಿರುವುದೆಲ್ಲ ಈ ಪದ್ಧತಿಗೆ ದಾರಿ.

ಮೊದಲು ಕೆಲಸ ಹಂಚಿಕೊಳ್ಳಿ

ನಾಲ್ಕೈದು ಮಂದಿ ಸಾಕು. ಎಲ್ಲರೂ ಕ್ಯಾಮೆರಾದ ಮುಂದೆ ಬರಬೇಕೆಂದು ಹಟ ಹಿಡಿಯಬೇಡಿ. ಒಂದು ಚೌಕಟ್ಟಿನಲ್ಲಿ ಮೂವರಿಗಿಂತ ಹೆಚ್ಚು ಜನ ಮಾತಾಡಿದರೆ ದನಿಯ ಮೇಲೆ ದನಿ ಬಿದ್ದು ಒಂದೂ ಕೇಳಿಸುವುದಿಲ್ಲ. ಎಡಿಟ್ ಮಾಡುವಾಗ ಅದನ್ನು ಬಿಡಿಸಲು ಬರುವುದಿಲ್ಲ.

ಒಬ್ಬರು ಅಡುಗೆ ಮಾಡುವವರು, ಒಬ್ಬರು ಕ್ಯಾಮೆರಾ, ಒಬ್ಬರು ಸಾಮಾನು ಮತ್ತು ಗಡಿಯಾರ ನೋಡಿಕೊಳ್ಳುವವರು, ಒಬ್ಬರು ಎಡಿಟಿಂಗ್. ಇವೆಲ್ಲ ಎಲ್ಲರಿಗೂ ಹೊಳೆಯುತ್ತವೆ. ಹೊಳೆಯದೇ ಇರುವ ಐದನೆಯ ಕೆಲಸವೇ ಮುಖ್ಯವಾದದ್ದು: ಕೇಳುವವನು. ಅವನಿಗೆ ಅಡುಗೆ ನಿಜವಾಗಿಯೂ ಬರಬಾರದು. ಬರುವುದಿಲ್ಲವೆಂದು ನಟಿಸುವವನು ಎರಡನೇ ವಿಡಿಯೊಕ್ಕೇ ಸಿಕ್ಕಿಬೀಳುತ್ತಾನೆ. ನಮ್ಮ ಕೇಳುವವನು ಒಮ್ಮೆ, "ಪುಂಡಿ ಪಲ್ಯಾಕ ಹುಣಸಿಹಣ್ಣ ಯಾಕ ಹಾಕಂಗಿಲ್ಲ?" ಎಂದ. ಪುಂಡಿ ಸೊಪ್ಪೇ ಹುಳಿ ಎಂಬುದು ನಮಗೆಲ್ಲ ಗೊತ್ತಿದ್ದರಿಂದ ಆ ಪ್ರಶ್ನೆ ನಮ್ಮ ತಲೆಗೇ ಬಂದಿರಲಿಲ್ಲ. ಮೈಸೂರು, ಮಂಗಳೂರು ಕಡೆ ಕೂತು ನೋಡುವವರಿಗೆ ಬೇಕಾಗಿದ್ದದ್ದು ಅದೇ ಉತ್ತರ.

ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ವಿಲೇಜ್ ಕುಕಿಂಗ್ ಚಾನೆಲ್ ನೋಡಿ. ಒಂದೇ ಮನೆತನದ ಅಣ್ಣ ತಮ್ಮಂದಿರು ತಮ್ಮ ಅಜ್ಜನ ಜೊತೆ 2018ರಲ್ಲಿ ಶುರು ಮಾಡಿದ್ದು, 2021ರಲ್ಲಿ ಒಂದು ಕೋಟಿ ಚಂದಾದಾರರನ್ನು ದಾಟಿತು. ತಮಿಳಿನಲ್ಲಿ ಆ ಸಂಖ್ಯೆ ಮುಟ್ಟಿದ ಮೊದಲ ಚಾನೆಲ್ ಅದು. ಅವರ ಒಂದು ವಿಡಿಯೊವನ್ನು ದನಿ ನಿಲ್ಲಿಸಿ ನೋಡಿ. ಹೊಲದಲ್ಲಿ ದೊಡ್ಡ ಪಾತ್ರೆ ಇಟ್ಟು ಅಡುಗೆ ನಡೆಯುವಾಗ ಯಾರ ಕೈಯೂ ಇನ್ನೊಬ್ಬರ ಕೈಗೆ ಅಡ್ಡ ಬರುವುದಿಲ್ಲ.

ಮುಖ್ಯವಾದ ಕರಾರು ಕಾಗದದ ಮೇಲೆ ಇರಲಿ

ಗೆಳೆತನದಲ್ಲಿ ಕಾಗದ ಯಾಕೆ ಎನ್ನಬೇಡಿ. ನಮಗೆ ಗೊತ್ತಿರುವ ಒಂದು ಗುಂಪಿನ ಚಾನೆಲ್ ಒಬ್ಬನ ಸ್ವಂತ ಜಿಮೇಲಿನಲ್ಲಿತ್ತು. ಅವನು ನೌಕರಿಗೆಂದು ಪುಣೆಗೆ ಹೋದ, ಹಳೆಯ ನಂಬರು ಬಂದ್ ಆಯಿತು, ಲಾಗಿನ್ ಕೋಡ್ ಆ ನಂಬರಿಗೇ ಹೋಗುತ್ತಿತ್ತು. ಅರವತ್ತು ವಿಡಿಯೊ ಇದ್ದ ಚಾನೆಲ್ಲಿಗೆ ಉಳಿದವರು ಹೊಸದೊಂದನ್ನೂ ಹಾಕಲಾಗಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ. ಆದರೂ ಮಾತು ಬಿಟ್ಟರು.

ಆದ್ದರಿಂದ ಚಾನೆಲ್ಲಿಗಾಗಿಯೇ ಬೇರೆ ಗೂಗಲ್ ಖಾತೆ ತೆರೆಯಿರಿ. ಪಾಸ್‌ವರ್ಡ್ ಹಂಚಬೇಡಿ. ಯೂಟ್ಯೂಬ್ ಸ್ಟುಡಿಯೊದ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ಸ್ ಎಂಬ ಜಾಗವಿದೆ. ಅಲ್ಲಿ ಒಬ್ಬೊಬ್ಬರ ಸ್ವಂತ ಇಮೇಲಿಗೆ ಮ್ಯಾನೇಜರ್, ಎಡಿಟರ್, ವ್ಯೂವರ್ ಎಂದು ಬೇರೆ ಬೇರೆ ಅಧಿಕಾರ ಕೊಡಬಹುದು. ಒಬ್ಬರು ಹೊರಟರೆ ಅವರ ಹೆಸರು ತೆಗೆದರಾಯಿತು. ಎರಡು ಹಂತದ ಪರಿಶೀಲನೆ ಕಡ್ಡಾಯವಾಗಿ ಹಾಕಿ, ಬ್ಯಾಕಪ್ ಕೋಡುಗಳನ್ನು ಮುದ್ರಿಸಿ ಇಬ್ಬರ ಮನೆಯಲ್ಲಿ ಇಡಿ.

ಕಾಗದದಲ್ಲಿ ಇನ್ನೂ ಮೂರು ಮಾತು ಬರಲಿ. ಖರ್ಚು ಹೇಗೆ ಹಂಚಿಕೆ, ಮುಂದೆ ದುಡ್ಡು ಬಂದರೆ ಹೇಗೆ ಹಂಚಿಕೆ, ಗುಂಪು ಬಿಟ್ಟವರಿಗೆ ಹಳೆಯ ವಿಡಿಯೊಗಳ ಪಾಲು ಎಷ್ಟು ದಿನ. ನಮ್ಮಲ್ಲಿ ಮೊದಲು ಖರ್ಚು ಕಳೆದು, ಉಳಿದದ್ದರಲ್ಲಿ ಒಂದು ಭಾಗ ಹೊಸ ಸಾಮಾನಿಗೆ ಇಟ್ಟು, ಮಿಕ್ಕಿದ್ದು ಸಮ ಪಾಲು. ನಿಮ್ಮದು ಬೇರೆ ಇರಬಹುದು. ಒಂದು ರೂಪಾಯಿಯೂ ಬಾರದಿರುವಾಗಲೇ ಇದನ್ನು ಬರೆದುಬಿಡಿ, ಆಗ ಬರೆಯುವುದು ಸುಲಭ.

ಯಾವ ಅಡುಗೆ ಆರಿಸಬೇಕು

ರುಚಿ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಕಣ್ಣಿಗೆ ಕಾಣುವ ಬದಲಾವಣೆ, ಕಿವಿಗೆ ಬೀಳುವ ಸದ್ದು, ವಾದಕ್ಕೆ ಜಾಗ, ಈ ಮೂರರಲ್ಲಿ ಎರಡಾದರೂ ಇರುವ ಅಡುಗೆ ಆರಿಸಿ.

ನಮ್ಮ ಭಾಗದಲ್ಲಿ ಇವಕ್ಕೆ ಬರವಿಲ್ಲ. ಜೋಳದ ರೊಟ್ಟಿ ಬಡಿಯುವ ಸದ್ದೊಂದೇ ಅರ್ಧ ನಿಮಿಷ ಜನರನ್ನು ಹಿಡಿದಿಡುತ್ತದೆ. ಅದರ ಹಿಂದೆ ಹೇಳಲು ವಿಷಯವೂ ಇದೆ. ಜೋಳದಲ್ಲಿ ಗೋಧಿಯಂತೆ ಗ್ಲುಟನ್ ಇಲ್ಲ, ಅದಕ್ಕೇ ತಣ್ಣೀರಿನಲ್ಲಿ ಕಲಸಿದರೆ ಬಡಿಯುವಾಗ ಅಂಚು ಒಡೆಯುತ್ತದೆ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಬೆಂದು ಅಂಟು ಬರುತ್ತದೆ. ಇದನ್ನು ವಿವರಿಸುವುದಕ್ಕಿಂತ ತಣ್ಣೀರಿನದೊಂದು, ಎಸರಿನದೊಂದು ರೊಟ್ಟಿ ಪಕ್ಕಪಕ್ಕದಲ್ಲಿ ಬಡಿದು ತೋರಿಸಿ.

ತೊಗರಿಯನ್ನು ಬಿಡಬೇಡಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೇಳೆ ಎಂಬ ಸರ್ಕಾರಿ ಗುರುತು, ಸಿಕ್ಕಿದೆ. ಊರಿನ ಹೆಸರೇ ಬೇಳೆಯ ಮೇಲಿರುವಾಗ ಬೇಳೆ ಸಾರಿನ ವಿಡಿಯೊ ಮಾಡಲು ನಿಮಗಿಂತ ಹಕ್ಕುಳ್ಳವರು ಯಾರು? ಶೇಂಗಾ ಹಿಂಡಿ (ಚಟ್ನಿ ಪುಡಿ), ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಮೂರನ್ನೂ ಒಂದೇ ವಿಡಿಯೊದಲ್ಲಿ ಮಾಡಿ ಯಾವುದು ರೊಟ್ಟಿಗೆ ಸರಿ ಎಂದು ವಾದ ಬಿಡಿ. ಎಣ್ಣಿಗಾಯಿ ಬದನೆಕಾಯಿ, ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ನಮ್ಮ ಊರಿನ ಮಸಾಲೆ ಅನ್ನ ತಹರಿ. ಇವುಗಳಲ್ಲಿ ಒಂದೊಂದಕ್ಕೂ ಓಣಿಗೊಂದು ಕ್ರಮವಿದೆ. "ನಮ್ಮನ್ಯಾಗ ಹಂಗ ಮಾಡಂಗಿಲ್ಲ" ಎಂಬ ಮಾತು ಹುಟ್ಟುವ ಅಡುಗೆ ಯಾವಾಗಲೂ ಒಳ್ಳೆಯ ವಿಡಿಯೊ ಆಗುತ್ತದೆ.

ಹಬ್ಬದ ಅಡುಗೆಗೆ ಹದಿನೈದು ದಿನ ಮುಂಚೆ ಶೂಟ್ ಮಾಡಿ, ಒಂದು ವಾರ ಮುಂಚೆ ಹಾಕಿ. ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆಗೆ) ಕಾಳು, ಸೊಪ್ಪು ಕೂಡಿಸಿ ಮಾಡುವ ಭಜ್ಜಿ ಇದಕ್ಕೆ ಒಳ್ಳೆಯ ಉದಾಹರಣೆ. ಡಿಸೆಂಬರ್ ಹೊತ್ತಿಗೆ ಹಸಿ ತೊಗರಿ, ಹಸಿ ಕಡಲಿ, ಅವರೆ, ಬಗೆಬಗೆಯ ತಪ್ಪಲು (ಸೊಪ್ಪು) ಎಲ್ಲ ಪೇಟೆಗೆ ಬಂದಿರುತ್ತವೆ. ಹಬ್ಬದ ದಿನ ಹೊಲದಲ್ಲಿ ಚರಗ ಚೆಲ್ಲುವಾಗ (ಭೂಮಿತಾಯಿಗೆ ಎಡೆ ಚೆಲ್ಲುವಾಗ) ಶೂಟ್ ಮಾಡಿದ್ದನ್ನು ತೆಗೆದಿಟ್ಟು ಮುಂದಿನ ವರ್ಷದ ವಿಡಿಯೊಕ್ಕೆ ಸೇರಿಸಿ. ಹಬ್ಬದ ದಿನ ಎಡಿಟಿಂಗಿಗೆ ಕೂತರೆ ಹಬ್ಬವೂ ಹೋಗುತ್ತದೆ, ವಿಡಿಯೊವೂ ತಡವಾಗುತ್ತದೆ.

ಚೀಟಿ: ಮುಟಗಿಯ ಒಂದು ಉದಾಹರಣೆ

ಸಂಭಾಷಣೆ ಬರೆಯಬೇಡಿ, ಚೀಟಿ ಬರೆಯಿರಿ. ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಅಡುಗೆಯ ಹಂತ ಮತ್ತು ಅದಕ್ಕೆ ಬೇಕಾದ ನಿಮಿಷ, ಬಲಕ್ಕೆ ಆ ಹಂತದಲ್ಲಿ ಕೇಳಬಹುದಾದ ಒಂದೇ ಪ್ರಶ್ನೆ. ಉತ್ತರ ಬರೆಯಬಾರದು. ಕೇಳುವವನು ಪ್ರಶ್ನೆಗಳನ್ನು ಅಡುಗೆ ಮಾಡುವವನಿಗೆ ಮೊದಲೇ ತೋರಿಸಲೂಬಾರದು.

ಮುಟಗಿ ಎಂದರೆ ಬಿಸಿ ಜೋಳದ ರೊಟ್ಟಿಯನ್ನು ಬಳ್ಳೊಳ್ಳಿ (ಬೆಳ್ಳುಳ್ಳಿ), ಖಾರದ ಜೊತೆ ಕುಟ್ಟಿ ಮುಷ್ಟಿಯಲ್ಲಿ ಒತ್ತಿ ಕೊಡುವುದು. ಇಬ್ಬರಿಗೆ ಎರಡು ದಪ್ಪ ರೊಟ್ಟಿ, ಎಂಟು ಎಸಳು ಬಳ್ಳೊಳ್ಳಿ, ಅರ್ಧ ಚಮಚ ಜೀರಿಗೆ, ಒಂದು ಚಮಚ ಕೆಂಪು ಖಾರ, ಉಪ್ಪು, ಎರಡು ಚಮಚ ಶೇಂಗಾ ಎಣ್ಣೆ ಅಥವಾ ತುಪ್ಪ. ಕೆಲಸ ಸಣ್ಣದು, ಆದರೆ ಒಂದು ತೊಡಕಿದೆ. ರೊಟ್ಟಿ ಹಂಚಿನಿಂದ ಇಳಿದು ಕಲ್ಲಿಗೆ ಬರುವುದರೊಳಗೆ ಆರಿದರೆ ಮುದ್ದೆಯಾಗುವುದಿಲ್ಲ, ಪುಡಿಯಾಗುತ್ತದೆ. ನಿಮ್ಮ ಕೈಯಲ್ಲಿ ಇರುವುದು ಎರಡು ಮೂರು ನಿಮಿಷ. ಅಷ್ಟರಲ್ಲಿ ಕ್ಯಾಮೆರಾ ಜಾಗ ಬದಲಿಸಬೇಕು, ಫೋಕಸ್ ನೋಡಬೇಕು, ಮಾತೂ ಆಡಬೇಕು. ಆಗುವುದಿಲ್ಲ.

ಹಾಗಾಗಿ ನಾವು ಯಾವ ಅಡುಗೆಯನ್ನೂ ಎರಡು ಸಲ ಮಾಡುತ್ತೇವೆ. ಮೊದಲನೆಯದು ಮಾತಿಗೆ: ಕ್ಯಾಮೆರಾ ದೂರ, ಮೂವರೂ ಕಾಣಬೇಕು, ಯಾರೂ "ಕಟ್" ಎನ್ನಬಾರದು. ಎರಡನೆಯದು ಕೈಗೆ: ಕ್ಯಾಮೆರಾ ಹತ್ತಿರ, ಮಾತಿಲ್ಲ, ಕೈ ಮತ್ತು ಸಾಮಾನು ಮಾತ್ರ. ಮುಟಗಿಯ ಎರಡನೇ ಸರದಿಯಲ್ಲಿ ನಾವು ಫೋನನ್ನು ಕಲ್ಲಿನಿಂದ ಒಂದು ಗೇಣು ದೂರ, ಕಲ್ಲಿನ ಬಾಯಿಯ ಮಟ್ಟಕ್ಕೇ ಇಟ್ಟೆವು. ಮೊದಲ ಪೆಟ್ಟಿಗೆ ಬಳ್ಳೊಳ್ಳಿಯ ಸಿಪ್ಪೆ ಬಿರಿದು ಒಂದು ಎಸಳು ಕಲ್ಲಿನ ಅಂಚಿಗೆ ಹಾರಿತು. ಮೂರನೆಯ ಪೆಟ್ಟಿಗೆ ಖಾರದ ಬಣ್ಣ ಹಸಿ ಇಟ್ಟಿಗೆಯಂತಾಯಿತು. ರೊಟ್ಟಿಯ ಚೂರು ಬಿದ್ದಾಗ ಒಳಗಿನ ಹಬೆ ಮೇಲೆದ್ದು ಲೆನ್ಸಿನ ಕೆಳಗಿನ ಅರ್ಧ ಮಬ್ಬಾಯಿತು. ಆ ಮಬ್ಬು ತಾನಾಗಿ ಆರುವವರೆಗೆ ಕ್ಯಾಮೆರಾ ಹಿಡಿದವನು ಅಲುಗಾಡಲಿಲ್ಲ. ಇಡೀ ವಿಡಿಯೊದಲ್ಲಿ ನಮಗೆ ತುಂಬ ಇಷ್ಟವಾದ ಹತ್ತು ಸೆಕೆಂಡು ಅದೇ.

ಸಾಮಾನು ಎರಡು ಪಟ್ಟು ಬೇಕಾಗುತ್ತದೆ ನಿಜ. ಆದರೆ ಎರಡನೇ ಸರದಿ ಸಣ್ಣ ಪ್ರಮಾಣದಲ್ಲಿ ಸಾಕು. ಮಾಂಸದಂಥ ದುಬಾರಿ ಅಡುಗೆಗೆ ಮಾತ್ರ ಎರಡು ಫೋನು ಇಟ್ಟು ಒಂದೇ ಸಲ ಮುಗಿಸಿ.

ಫೋನು, ಬೆಳಕು, ದನಿ

ದುಬಾರಿ ಕ್ಯಾಮೆರಾ ಬೇಡ. ನಾಲ್ಕೈದು ವರ್ಷದೊಳಗಿನ ಯಾವುದೇ ಒಳ್ಳೆಯ ಫೋನು ಸಾಕು. ಫುಲ್ ಎಚ್‌ಡಿ, ಸೆಕೆಂಡಿಗೆ 25 ಅಥವಾ 30 ಫ್ರೇಮ್. ಹೀಗೆ ಒಂದು ನಿಮಿಷಕ್ಕೆ ಹೆಚ್ಚುಕಡಿಮೆ 100 ಎಂಬಿ ಜಾಗ ಬೇಕಾಗುತ್ತದೆ. ಹಿಂದಿನ ದಿನವೇ ಫೋನು ಖಾಲಿ ಮಾಡಿಡಿ. ಶೂಟಿಂಗ್ ಹೊತ್ತಿಗೆ ಏರೋಪ್ಲೇನ್ ಮೋಡ್ ಹಾಕಿ, ನಡುವೆ ಕರೆ ಬಂದು ರೆಕಾರ್ಡಿಂಗ್ ನಿಂತರೆ ಹೋದ ಮಾತು ಮತ್ತೆ ಬರುವುದಿಲ್ಲ.

ಟ್ಯೂಬ್‌ಲೈಟಿನ ಕೆಳಗೆ ಶೂಟ್ ಮಾಡಿದಾಗ ಪರದೆಯ ಮೇಲೆ ಪಟ್ಟೆ ಪಟ್ಟೆ ಓಡುವುದನ್ನು ನೋಡಿರುತ್ತೀರಿ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು. ಫೋನಿನ ಪ್ರೊ ಮೋಡಿನಲ್ಲಿ ಶಟರ್ 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. ಅದಕ್ಕಿಂತ ಒಳ್ಳೆಯದು ಕಿಟಕಿಯ ಬೆಳಕು. ಒಲೆಯನ್ನು ಕಿಟಕಿಗೆ ಅಡ್ಡಲಾಗಿ ಇಟ್ಟು ಬೆಳಕು ಪಕ್ಕದಿಂದ ಬರುವಂತೆ ಮಾಡಿ. ಹಬೆ, ಎಣ್ಣೆಯ ಹೊಳಪು, ರೊಟ್ಟಿಯ ಉಬ್ಬು ಎಲ್ಲ ಪಕ್ಕದ ಬೆಳಕಿನಲ್ಲೇ ಎದ್ದು ಕಾಣುತ್ತವೆ. ಎದುರು ಗೋಡೆಗೆ ಬಿಳಿ ಧೋತರ ಕಟ್ಟಿದರೆ ಇನ್ನೊಂದು ಮಗ್ಗುಲು ಕಪ್ಪಾಗುವುದಿಲ್ಲ.

ದುಡ್ಡು ಹಾಕುವುದಿದ್ದರೆ ಮೈಕಿಗೆ ಹಾಕಿ. ಚಿತ್ರ ಸ್ವಲ್ಪ ಮಂಕಿದ್ದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಮುಂದೆ ತಳ್ಳುತ್ತಾರೆ. ಅಂಗಿಗೆ ಸಿಕ್ಕಿಸುವ ವೈರ್‌ಲೆಸ್ ಮೈಕ್ ಎರಡು ಇರಲಿ, ಒಂದು ಅಡುಗೆಯವನಿಗೆ, ಒಂದು ಕೇಳುವವನಿಗೆ. ತಾಯಿಯೋ ಅಕ್ಕನೋ ಕೂತಿದ್ದರೆ ಸೆರಗಿಗೆ ಸಿಕ್ಕಿಸಬೇಡಿ, ಸೆರಗು ಸರಿದಾಗಲೆಲ್ಲ ಸರಸರ ಎನ್ನುತ್ತದೆ. ಕುಪ್ಪಸದ ಕೊರಳಂಚಿಗೆ ಅವರೇ ಸಿಕ್ಕಿಸಿಕೊಳ್ಳಲಿ. ಎರಡು ಫೋನು ಇದ್ದರೆ ಶುರುವಿಗೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಎಡಿಟಿಂಗಿನಲ್ಲಿ ಆ ಸದ್ದು ನೋಡಿ ಎರಡನ್ನೂ ಹೊಂದಿಸಬಹುದು.

ಒಗ್ಗರಣೆ, ಕುಟ್ಟುವುದು, ರೊಟ್ಟಿ ಬಡಿಯುವುದು, ಈ ಮೂರು ಸದ್ದನ್ನು ಎಲ್ಲರೂ ಸುಮ್ಮನಿದ್ದು, ಫ್ಯಾನ್ ನಿಲ್ಲಿಸಿ, ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ.

ಬೇಸಿಗೆಯ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ. ಒಲೆಯ ಪಕ್ಕದಲ್ಲಿ ಫೋನು ಕಾದು ತಾನೇ ಬಂದ್ ಆಗುತ್ತದೆ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಒಂಬತ್ತಕ್ಕೆ ಮುಗಿಸಿ. ಕಾದ ಫೋನನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಒಳಗೆ ನೀರು ಕಟ್ಟುತ್ತದೆ. ಕವರ್ ತೆಗೆದು ನೆರಳಿನಲ್ಲಿ ಇಟ್ಟರೆ ಸಾಕು.

ಬೆಂಕಿಯ ವಿಷಯದಲ್ಲಿ ರಿಯಾಯಿತಿ ಇಲ್ಲ

ಶೂಟಿಂಗ್ ನಡೆಯುವಾಗ ಕಣ್ಣು ಕ್ಯಾಮೆರಾ ಮೇಲಿರುತ್ತದೆ, ಒಲೆಯ ಮೇಲಲ್ಲ. ಆದ್ದರಿಂದ ಗಡಿಯಾರ ನೋಡುವವನಿಗೆ ಬೆಂಕಿಯ ಜವಾಬ್ದಾರಿಯೂ ಇರಲಿ. ಅವನು "ಬಂದ್" ಎಂದರೆ ಎಷ್ಟೇ ಒಳ್ಳೆಯ ಮಾತು ನಡೆಯುತ್ತಿದ್ದರೂ ಗ್ಯಾಸ್ ಬಂದ್. ಕಾದ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಗ್ಯಾಸ್ ನಿಲ್ಲಿಸಿ ತಟ್ಟೆ ಮುಚ್ಚಬೇಕು. ಬಾಣಲೆಗೆ ಸರಿಹೋಗುವ ತಟ್ಟೆ ಕೈಗೆಟುಕುವಂತಿರಲಿ. ನೈಲಾನ್ ದುಪಟ್ಟಾ, ಜೋತುಬಿದ್ದ ಮೈಕಿನ ವೈರು ಒಲೆಯ ಹತ್ತಿರ ಬೇಡವೇ ಬೇಡ.

ಹೊರಗೆ ಮೂರು ಕಲ್ಲಿಟ್ಟು ಕಟ್ಟಿಗೆಯ ಒಲೆ ಹೂಡುವವರು ಹೊಲದವರನ್ನು ಕೇಳಿ ಹೂಡಿ. ಸುತ್ತ ಒಣ ಕಣಿಕೆ (ಜೋಳದ ದಂಟು) ಇರಬಾರದು, ಎರಡು ಕೊಡ ನೀರು ಇರಬೇಕು. ಕಲಬುರಗಿ ಕೋಟೆಯೋ ಬೀದರ ಕೋಟೆಯೋ ಹಿನ್ನೆಲೆಯಲ್ಲಿದ್ದರೆ ಚೆಂದ ಎಂಬ ಆಸೆ ಬರುತ್ತದೆ. ಎರಡೂ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. ಅನುಮತಿಸಿದ ಜಾಗ ಬಿಟ್ಟು ಅಂಥ ಸ್ಮಾರಕಗಳೊಳಗೆ ಅಡುಗೆ ಮಾಡಲು ನಿಯಮದಲ್ಲೇ ಅವಕಾಶವಿಲ್ಲ. ಆರುನೂರು ವರ್ಷದ ಕಲ್ಲಿಗೆ ಹೊಗೆ ಹಿಡಿಸಿ ಯಾವ ವಿಡಿಯೊ ಮಾಡಬೇಕಾಗಿದೆ?

ಶೂಟಿಂಗ್ ದಿನ

ಹಿಂದಿನ ಸಂಜೆಯೇ ಕಾಯಿಪಲ್ಯ ತಂದಿಡಿ. ಬೆಳಿಗ್ಗೆ ಹೆಚ್ಚುವುದು, ಅಳೆಯುವುದು ಮುಗಿಸಿ, ಅಡುಗೆಯ ಕ್ರಮದಲ್ಲಿ ಎಡದಿಂದ ಬಲಕ್ಕೆ ಬಟ್ಟಲು ಸಾಲಾಗಿ ಇಡಿ. ಆ ಸಾಲಿನ ಒಂದು ಫೋಟೊ ತೆಗೆದುಕೊಳ್ಳಿ. ವಿಡಿಯೊದ ಕೆಳಗೆ ಸಾಮಾನಿನ ಪಟ್ಟಿ ಬರೆಯುವಾಗ ಅದೇ ನಿಮ್ಮ ಲೆಕ್ಕ. ಹಿರಿಯರು ಕೈಯಳತೆಯಲ್ಲಿ ಹಾಕುವುದಾದರೆ ಅವರನ್ನು ಚಮಚಕ್ಕೆ ಕಟ್ಟಿಹಾಕಬೇಡಿ. ಉಪ್ಪಿನ ಡಬ್ಬಿಯನ್ನು ಮೊದಲು ಮತ್ತು ಆಮೇಲೆ ತೂಕ ಮಾಡಿ, ಎಷ್ಟು ಗ್ರಾಂ ಹೋಯಿತೆಂದು ತಿಳಿಯುತ್ತದೆ. "ಕೈಗಿ ಗೊತ್ತದ" ಎಂಬ ಮಾತೂ ಉಳಿಯಿತು, ನೋಡುವವರಿಗೆ ಲೆಕ್ಕವೂ ಸಿಕ್ಕಿತು.

ಮಾತಿನ ಸರದಿಯಲ್ಲಿ ಒಂದೇ ನಿಯಮ: ಹೇಳಿದ್ದನ್ನು ಮತ್ತೆ ಹೇಳಿಸಬಾರದು. "ಏ, ಮತ್ತೊಮ್ಮೆ ಹಂಗ ಅನ್ನು" ಎಂದ ಕೂಡಲೇ ಮಾತಿನ ಜೀವ ಹೋಗುತ್ತದೆ. ತಪ್ಪಿದ್ದು ತಪ್ಪಿದ ಹಾಗೇ ಇರಲಿ. ಎಣ್ಣಿಗಾಯಿ ತಳ ಹಿಡಿದರೆ ತಳ ಹಿಡಿಯಿತೆಂದು ಹೇಳಿ, ಯಾಕೆ ಹಿಡಿಯಿತೆಂದು ತೋರಿಸಿ. ನಮ್ಮ ವಿಡಿಯೊಗಳಲ್ಲಿ ಹೆಚ್ಚು ಪ್ರಶ್ನೆ ಬಂದದ್ದು ಇಂಥ ಜಾಗಗಳಿಗೇ.

ಮೊದಲ ತುತ್ತು ಒಂದೇ ಸಲ. ಅದನ್ನು ನಟಿಸಲು ಬರುವುದಿಲ್ಲ. ಎರಡು ಫೋನು ಹಚ್ಚಿ, ಎಲ್ಲರೂ ಹಸಿದಿರುವಾಗ ಕೂಡಿಸಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎನ್ನುವ ಸ್ವಾತಂತ್ರ್ಯ ತಿನ್ನುವವನಿಗೆ ಇರಬೇಕು. ಒಮ್ಮೆ ಖಾರ ಹೆಚ್ಚಾಗಿದೆ ಎಂದವನು ಮುಂದಿನ ಸಲ "ಭಾರಿ ಆಗ್ಯಾದ ನೋಡು" ಎಂದಾಗ ಜನ ನಂಬುತ್ತಾರೆ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಗೆಳೆಯರು ಕೂಡಿದಾಗ ಒಬ್ಬರನ್ನೊಬ್ಬರು ಕಾಡಿಸುವುದು ಸಹಜ. ಆದರೆ ಮೈಬಣ್ಣ, ಮೈಕಟ್ಟು, ಜಾತಿ, ಊರು, ಮನೆಯ ಬಡತನ, ಇವು ಯಾವುವೂ ನಗೆಯ ಸಾಮಾನಲ್ಲ. ಎಡಿಟ್ ಆದ ವಿಡಿಯೊ ಹಾಕುವ ಮೊದಲು ಅದರಲ್ಲಿ ಮುಖ ತೋರಿಸಿದ ಪ್ರತಿಯೊಬ್ಬರೂ ಪೂರ್ತಿ ನೋಡಿ ಒಪ್ಪಬೇಕು. ತಾಯಿ, ಅಜ್ಜಿ, ಪಕ್ಕದ ಮನೆಯ ಕಾಕಾ ಯಾರೇ ಇರಲಿ, ಬೇಡವೆಂದರೆ ಆ ತುಂಡು ತೆಗೆಯಬೇಕು, ಕಾರಣ ಕೇಳಬಾರದು.

ಎಡಿಟಿಂಗ್

ಫೋನಿನಲ್ಲೇ ಮಾಡುವವರಿಗೆ ವಿಎನ್, ಕೈನ್‌ಮಾಸ್ಟರ್ ಇವೆ. ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ ಸಾಕು. ಮೊದಲು ಮಾತಿನ ಸರದಿಯನ್ನು ಮಾತ್ರ ಜೋಡಿಸಿ, ಕಣ್ಣು ಮುಚ್ಚಿ ಕೇಳಿ. ಕಥೆ ಕೇಳಿದಂತೆ ಸಾಗಬೇಕು. ಆಮೇಲೆ ಅದರ ಮೇಲೆ ಕೈಯ ಚಿತ್ರಗಳನ್ನು ಹೊದಿಸುತ್ತ ಹೋಗಿ. ಮಾತು ಕತ್ತರಿಸಿದ ಜಾಗವೆಲ್ಲ ಆ ಚಿತ್ರಗಳ ಕೆಳಗೆ ಮುಚ್ಚಿಹೋಗುತ್ತದೆ.

ಮೊದಲ ಹದಿನೈದು ಸೆಕೆಂಡಿನಲ್ಲಿ ನಮಸ್ಕಾರ, ಪರಿಚಯ, ಸಬ್‌ಸ್ಕ್ರೈಬ್ ಬೇಡ. ನೇರವಾಗಿ ವಾದದ ನಡುವೆಯೇ ಶುರು ಮಾಡಿ.

ಸಿನಿಮಾ ಹಾಡು ಹಾಕಬೇಡಿ. ಯೂಟ್ಯೂಬಿನ ಕಂಟೆಂಟ್ ಐಡಿ ಅದನ್ನು ಗುರುತಿಸುತ್ತದೆ. ಜಾಹೀರಾತಿನ ದುಡ್ಡು ಹಾಡಿನ ಹಕ್ಕುದಾರರಿಗೆ ಹೋಗಬಹುದು, ವಿಡಿಯೊವೇ ಮುಚ್ಚಬಹುದು. 90 ದಿನಗಳಲ್ಲಿ ಮೂರು ಕಾಪಿರೈಟ್ ಸ್ಟ್ರೈಕ್ (ಹಕ್ಕುದಾರರ ದೂರಿಗೆ ಬೀಳುವ ಎಚ್ಚರಿಕೆ) ಬಿದ್ದರೆ ಚಾನೆಲ್ಲೇ ಹೋಗುವ ಅಪಾಯವಿದೆ. ಸ್ಟುಡಿಯೊದ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತವಿದೆ. ನಾವು ಸಂಗೀತವನ್ನೇ ಕಡಿಮೆ ಮಾಡಿ ಒಲೆಯ ಸದ್ದಿಗೆ ಜಾಗ ಬಿಟ್ಟಿದ್ದೇವೆ.

ನಮ್ಮ ಮಾತನ್ನು ತಿದ್ದಬೇಡಿ. "ಮಾಡಲಿಕತ್ತೀನಿ", "ಹಾಕಲತ್ತಾನ", "ಜರಾ ತಡಿ" ಎಂಬುದನ್ನೆಲ್ಲ ಪುಸ್ತಕದ ಕನ್ನಡ ಮಾಡಿದರೆ ಅಡುಗೆಯೂ ನಮ್ಮದಾಗಿ ಉಳಿಯುವುದಿಲ್ಲ. ತಿಳಿಯದವರಿಗಾಗಿ ಕೆಳಗೆ ಕನ್ನಡದಲ್ಲೇ ಸಬ್‌ಟೈಟಲ್ ಕೊಡಿ. ಸ್ಟುಡಿಯೊದಲ್ಲಿ ಟೈಪ್ ಮಾಡಿ ಸೇರಿಸಿದರೆ ಬೇಕಾದವರು ಮಾತ್ರ ಹಚ್ಚಿಕೊಳ್ಳಬಹುದು. ಬಳ್ಳೊಳ್ಳಿ, ಉಳ್ಳಾಗಡ್ಡಿ, ತಪ್ಪಲು, ಹಿಂಡಿ, ಸಜ್ಜಿ, ಇಂಥ ಮಾತು ಮೊದಲ ಸಲ ಬಂದಾಗ ಆ ಸಾಮಾನನ್ನು ಒಂದು ಕ್ಷಣ ಹತ್ತಿರದಿಂದ ತೋರಿಸಿ.

ಹಾಕುವುದು

ಶೀರ್ಷಿಕೆ ಕನ್ನಡದಲ್ಲಿರಲಿ. ಜನ ಹುಡುಕುವ ಬೇರೆ ಬೇರೆ ಹೆಸರುಗಳನ್ನು ವಿವರಣೆಯಲ್ಲಿ ಸೇರಿಸಿ: ಎಣ್ಣಿಗಾಯಿ, ಎಣಗಾಯಿ, ತುಂಬುಗಾಯಿ. ಸ್ವಂತ ಥಂಬ್‌ನೇಲ್ ಹಾಕಲು ಫೋನ್ ನಂಬರ್ ದೃಢೀಕರಣ ಬೇಕು. ಅದರ ಅಳತೆ 1280 x 720 ಇದ್ದರೆ ಸಾಕು. ಒಂದು ಮುಖ, ಒಂದು ತಿನಿಸು, ಮೂರ್ನಾಲ್ಕು ಪದ ಸಾಕು. ವಿವರಣೆಯಲ್ಲಿ 0:00ಯಿಂದ ಶುರು ಮಾಡಿ ಕನಿಷ್ಠ ಮೂರು ಸಮಯ ಬರೆದರೆ ವಿಡಿಯೊ ಅಧ್ಯಾಯಗಳಾಗಿ ಒಡೆಯುತ್ತದೆ. ಅಡುಗೆ ಮಾಡುತ್ತ ನೋಡುವವರಿಗೆ ಇದರಿಂದ ಬಹಳ ಉಪಕಾರ. ಶಾರ್ಟ್ಸ್ ಎಂಬ ಸಣ್ಣ ವಿಡಿಯೊ ಈಗ ಮೂರು ನಿಮಿಷದವರೆಗೂ ಇರಬಹುದು. ಕೈಯ ಸರದಿಯಿಂದ ಒಂದು, ವಾದದಿಂದ ಒಂದು ಕತ್ತರಿಸಿ ಹಾಕಿ.

ದುಡ್ಡಿನ ಮಾತು

ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಮತ್ತು ಕಳೆದ 12 ತಿಂಗಳಲ್ಲಿ 4,000 ಗಂಟೆಯ ವೀಕ್ಷಣೆ ಬೇಕು. ಇಲ್ಲವೇ, ಆ ಗಂಟೆಗಳ ಬದಲು, 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ. ಉದ್ದದ ವಿಡಿಯೊದ ಜಾಹೀರಾತಿನಲ್ಲಿ 55%, ಶಾರ್ಟ್ಸ್‌ನಲ್ಲಿ 45% ನಿಮ್ಮದು. ಎಂಟು ನಿಮಿಷ ಮತ್ತು ಮೇಲ್ಪಟ್ಟ ವಿಡಿಯೊದಲ್ಲಿ ನಡುವೆಯೂ ಜಾಹೀರಾತು ಬರಬಹುದು. ಹಾಗೆಂದು ಐದು ನಿಮಿಷದ ಮುಟಗಿಯನ್ನು ಎಂಟಕ್ಕೆ ಎಳೆಯಬೇಡಿ.

ಜಾಹೀರಾತಿನ ದುಡ್ಡು ಕೊಡುವ ಗೂಗಲ್‌ನ ಆಡ್‌ಸೆನ್ಸ್ ಖಾತೆಗೆ 18 ವರ್ಷ ಆಗಿರಬೇಕು. ಗಳಿಕೆ 10 ಡಾಲರ್ ಮುಟ್ಟಿದಾಗ ಮನೆಯ ವಿಳಾಸಕ್ಕೆ ಅಂಚೆಯಲ್ಲಿ ಪಿನ್ ಬರುತ್ತದೆ. ಬಾಡಿಗೆ ಮನೆಯ ವಿಳಾಸ ಕೊಡಬೇಡಿ, ಬಹಳ ದಿನ ಬದಲಾಗದ ವಿಳಾಸ ಕೊಡಿ. 100 ಡಾಲರ್ ಆದ ಮೇಲೆ ಬ್ಯಾಂಕಿಗೆ ಬರುತ್ತದೆ. ಅಮೆರಿಕದ ತೆರಿಗೆಯ ಮಾಹಿತಿ ಫಾರ್ಮ್ ಕೂಡ ತುಂಬಬೇಕು. ದುಡ್ಡು ಒಬ್ಬರ ಖಾತೆಗೇ ಬರುವುದರಿಂದ ತೆರಿಗೆಯ ಲೆಕ್ಕವೂ ಅವರ ತಲೆಗೇ ಬೀಳುತ್ತದೆ. ಲೆಕ್ಕ ನೋಡುವವರೊಬ್ಬರನ್ನು ಮೊದಲೇ ಕೇಳಿಕೊಳ್ಳಿ.

ಯಾರಾದರೂ ಮಸಾಲೆ ಪುಡಿಯನ್ನೋ ಕುಕ್ಕರನ್ನೋ ಉಚಿತವಾಗಿ ಕೊಟ್ಟು ತೋರಿಸಿ ಎಂದರೆ, ಪೇಯ್ಡ್ ಪ್ರಮೋಷನ್ ಎಂಬ ಗುರುತು ಹಾಕಿ ಬಾಯಲ್ಲೂ ಹೇಳಿ. ವಿಡಿಯೊ ನೋಡಿ ಜನ ಹಿಂಡಿ ಕಳಿಸಿ ಎಂದು ಕೇಳತೊಡಗುತ್ತಾರೆ. ವಿಡಿಯೊ ಮಾಡಲು ಪರವಾನಗಿ ಬೇಡ, ಆದರೆ ತಿನಿಸು ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು.

ಊಟ, ಭಾಂಡೆ

ಎರಡು ಸರದಿ ಅಡುಗೆ ಮಾಡಿದರೆ ಉಳಿಯುತ್ತದೆ. ಗ್ರ್ಯಾಂಡ್‌ಪಾ ಕಿಚನ್ ಎಂದು ಹೆಸರಾದ ತೆಲಂಗಾಣದ ನಾರಾಯಣ ರೆಡ್ಡಿ ಅವರು 2019ರಲ್ಲಿ ತೀರಿಕೊಳ್ಳುವವರೆಗೂ ದೊಡ್ಡ ಪಾತ್ರೆಯಲ್ಲಿ ಮಾಡಿದ್ದನ್ನು ಅನಾಥ ಮಕ್ಕಳಿಗೆ ಬಡಿಸುತ್ತಿದ್ದರು. ನಮ್ಮದು ಸಣ್ಣ ಪಾತ್ರೆ. ಯಾರಿಗೆ ಕೊಡುವುದೆಂದು ಹಿಂದಿನ ದಿನವೇ ಕೇಳಿಟ್ಟು, ಬಿಸಿ ಇರುವಾಗಲೇ ಮುಟ್ಟಿಸುತ್ತೇವೆ. ಕೊಡುವುದನ್ನು ಶೂಟ್ ಮಾಡುವುದಿಲ್ಲ.

ಭಾಂಡೆ ತಿಕ್ಕುವುದರ ಪಾಳಿಯನ್ನು ಚೀಟಿಯ ಕೊನೆಯ ಸಾಲಿನಲ್ಲೇ ಬರೆಯಿರಿ. ಗುಂಪುಗಳು ದುಡ್ಡಿಗಿಂತ ಬೇಗ ಒಡೆಯುವುದು ಇದರಿಂದಲೇ. ನಾವು ಅಡುಗೆಯವನನ್ನು ಬಿಟ್ಟು ಉಳಿದ ನಾಲ್ವರೂ ಕೂಡಿ ತಿಕ್ಕುತ್ತೇವೆ, ಅಡುಗೆಮನೆಯ ಒಡತಿ ಬಂದು ನೋಡಿ ಹೂಂ ಎಂದ ಮೇಲೆ ಹೊರಡುತ್ತೇವೆ. ಆಗ ಮೈಕಿನ ಚಾರ್ಜ್ ಉಳಿದಿದ್ದರೆ ಒಂದನ್ನು ನಲ್ಲಿಯಿಂದ ದೂರ, ಕಿಟಕಿಯ ಕಟ್ಟೆಯ ಮೇಲೆ ಹಚ್ಚಿಟ್ಟಿರಿ. "ನಮ್ಮಾಯಿ ಬದ್ನಿಕಾಯಿಗಿ ಬೆಲ್ಲ ಹಾಕ್ತಿದ್ಳು, ಗೊತ್ತದನು?" ಎಂದು ಯಾರೋ ಅಂದದ್ದು ಹಾಗೇ ಸಿಕ್ಕಿತು. ಮುಂದಿನ ಭಾನುವಾರದ ಚೀಟಿಯ ಬಲಗಡೆ ಮೊದಲ ಪ್ರಶ್ನೆ ಅದೇ.